ಕೃಷ್ಣದೇವರಾಯನ ಕುದುರೆ ಲೆಕ್ಕ

ದುಬಾರಿ ಸ್ಪೋರ್ಟ್ಸ್ ಕಾರು ಶೋರೂಮಿನ ಬಾಗಿಲು ದಾಟಿದ ಗಳಿಗೆಯಿಂದಲೇ ಬೆಲೆ ಕಳೆದುಕೊಳ್ಳೋಕೆ ಶುರುಮಾಡುತ್ತೆ. ಪೋರ್ಷೆ 911ನಂಥ ಕೆಲವೇ ಮಾದರಿಗಳು ಹತ್ತು ವರ್ಷ ಕಳೆದರೂ ಒಳ್ಳೆಯ ಬೆಲೆ ಉಳಿಸಿಕೊಳ್ಳುತ್ತವೆ. ಹಾಗಾಗಿ ಕಾರು ಬಲ್ಲವರು ಓಟ, ಸದ್ದು, ಬಣ್ಣಕ್ಕಿಂತ ಮೊದಲು ಇದನ್ನು ಮುಂದೆ ಯಾರು ಎಷ್ಟಕ್ಕೆ ಕೊಳ್ತಾರೆ ಅಂತ ಯೋಚಿಸ್ತಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕುವ ಮುಂಚಿನ ಆರೇಳು ವರ್ಷ ಹೊಸಪೇಟೆ, ಸಂಡೂರು ಕಡೆ ಓಡಾಡಿದವರಿಗೆ ಈ ಯೋಚನೆಯೇ ಇಲ್ಲದೆ ಕೊಂಡ ಕಾರುಗಳ ನೆನಪಿರಬಹುದು. ಕೆಂಪು ಧೂಳು, ಅದಿರು ಲಾರಿಗಳ ಸಾಲು, ನಡುವೆ ಗುಂಡಿ ತಪ್ಪಿಸಲು ಪರದಾಡುವ ವಿದೇಶಿ ಕಾರು.

ಇದೇ ನೆಲದಲ್ಲಿ 500 ವರ್ಷದ ಹಿಂದೆ ಒಬ್ಬ ಮನುಷ್ಯ ತನ್ನ ಆಳ್ವಿಕೆಯುದ್ದಕ್ಕೂ ಈ ಪ್ರಶ್ನೆ ಎದುರಿಸಿದ. ಕೃಷ್ಣದೇವರಾಯ ಅಂದರೆ ನಮಗೆ ಅಷ್ಟದಿಗ್ಗಜರು, ತೆನಾಲಿ ರಾಮ, ಬೀದಿಯಲ್ಲಿ ಸೇರಿನಲ್ಲಿ ಅಳೆದ ಮುತ್ತುರತ್ನ. ಅದೆಲ್ಲ ಇರಲಿ. ನನಗೆ ಅವನ ಬದುಕು ಹೆಚ್ಚು ಅರ್ಥವಾಗುವುದು ಅವನ ಕಾಲದ ಅತಿ ವೇಗದ, ಅತಿ ದುಬಾರಿ, ಅತಿ ಬೇಗ ಬೆಲೆ ಕಳೆದುಕೊಳ್ಳುವ ವಸ್ತುವಿನಿಂದ. ಅಂದರೆ ಕುದುರೆಯಿಂದ.

ಅವನು ಅರಸನಾದ ಕಥೆಯಲ್ಲೂ ಒಂದು ಕುದುರೆ ಲಾಯ ಬರುತ್ತೆ. ತುಳುವ ನರಸನಾಯಕ ಮತ್ತು ನಾಗಲಾಂಬಿಕೆಯ ಮಗ ಅವನು. ಅಣ್ಣ ವೀರನರಸಿಂಹ ಸಾಯುವಾಗ ತನ್ನ ಎಳೆಯ ಮಗನಿಗೆ ಪಟ್ಟ ಕಟ್ಟಬೇಕು, ತಮ್ಮನ ಕಣ್ಣು ಕೀಳಬೇಕು ಎಂದು ಮಂತ್ರಿ ತಿಮ್ಮರಸುವಿಗೆ ಅಪ್ಪಣೆ ಕೊಟ್ಟನಂತೆ. ತಿಮ್ಮರಸು ಕೃಷ್ಣದೇವರಾಯನನ್ನು ಲಾಯಕ್ಕೆ ಕರೆದುಕೊಂಡು ಹೋಗಿ ವಿಷಯ ತಿಳಿಸಿ, ಆಡಿನ ಕಣ್ಣು ಕಿತ್ತು ಅರಸನಿಗೆ ತೋರಿಸಿದನಂತೆ. ಇದನ್ನು ಬರೆದವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನ್ಯೂನಿಜ್. ಅವನು ವಿಜಯನಗರದಲ್ಲಿದ್ದದ್ದು 1535ರಿಂದ 1537ರ ಸುಮಾರಿಗೆ, ಕೃಷ್ಣದೇವರಾಯ ತೀರಿಕೊಂಡು ಕೆಲವು ವರ್ಷಗಳ ಮೇಲೆ. ಪೇಟೆಯಲ್ಲಿ ಕೇಳಿದ್ದನ್ನು ಬರೆದಿರಬೇಕು. ಇತಿಹಾಸಕಾರರು ಇದನ್ನು ಹಾಗೇ ಒಪ್ಪುವುದಿಲ್ಲ. ಕುದುರೆ ಮಾರುವವನಿಗೆ ಎಲ್ಲ ಕಥೆಯೂ ಲಾಯದಲ್ಲೇ ನಡೆಯುತ್ತೆ ಅಂತ ನಾನಂತೂ ನಗುತ್ತೇನೆ. ಪಟ್ಟಾಭಿಷೇಕ ಮಾತ್ರ ಗಟ್ಟಿ ಸಂಗತಿ: 1509ರಲ್ಲಿ ಅರಸನಾದ. ಆ ಸಂದರ್ಭದಲ್ಲಿ ರಂಗಮಂಟಪ ಕಟ್ಟಿಸಿದ್ದನ್ನು ಹೇಳುವ 1510ರ ಶಾಸನ ಹಂಪಿಯ ವಿರೂಪಾಕ್ಷ ಗುಡಿಯಲ್ಲಿದೆ.

ಆಗ ಒಂದು ಒಳ್ಳೆಯ ಕುದುರೆಗೆ ಎಷ್ಟು? ಹಿಂದಿನ ಸಾಳುವ ನರಸಿಂಹನ ಕಾಲದ ದರವನ್ನು ನ್ಯೂನಿಜ್ ಕೊಡುತ್ತಾನೆ: ಹೊರ್ಮುಜ್, ಏಡನ್ ಕಡೆಯಿಂದ ಬಂದದ್ದು ಸಾವಿರ ಪರ್ದಾವೊಗೆ ಮೂರು. ಪರ್ದಾವೊ ಅಂದರೆ ನಮ್ಮ ವರಹಕ್ಕೆ ಪೋರ್ಚುಗೀಸರು ಇಟ್ಟ ಹೆಸರು. ಒಂದರ ತೂಕ ಸುಮಾರು 3.4 ಗ್ರಾಂ. ಅಲ್ಲಿಗೆ ಒಂದು ಕುದುರೆಗೆ ಒಂದು ಕಿಲೋ ಮೀರಿ ಚಿನ್ನದ ನಾಣ್ಯ. ಇವತ್ತಿನ ದರದಲ್ಲಿ ಕೋಟಿಯ ಮಾತು. ಬೆಲೆಯಲ್ಲೂ ಸ್ಪೋರ್ಟ್ಸ್ ಕಾರೇ, ನೋಡಿ.

ಆದರೆ ಕಾರು ಹತ್ತು ವರ್ಷ ಶೆಡ್ಡಿನಲ್ಲಾದರೂ ನಿಂತಿರುತ್ತೆ. ಅರಬ್ ನಾಡಿನ ಕುದುರೆಗೆ ಇಲ್ಲಿನ ಹವೆ ಒಗ್ಗುತ್ತಿರಲಿಲ್ಲ, ಮೇವು ಒಗ್ಗುತ್ತಿರಲಿಲ್ಲ. ತಮಿಳು ಕರಾವಳಿಯಲ್ಲಿ ಬೇಯಿಸಿದ ಅನ್ನ ಹಾಕಿ ಕುದುರೆ ಸಾಯಿಸುತ್ತಾರೆ ಎಂದು ಮಾರ್ಕೊ ಪೋಲೊ 13ನೇ ಶತಮಾನದಲ್ಲೇ ಬರೆದಿದ್ದ. ತಳಿ ಬೆಳೆಸುವುದೂ ಇಲ್ಲಿ ಸರಿಯಾಗಿ ಕೈಹತ್ತಲಿಲ್ಲ. ಆದ್ದರಿಂದ ಪ್ರತಿ ವರ್ಷ ಕೊಳ್ಳಲೇಬೇಕು. ಸಾಳುವ ನರಸಿಂಹನಂತೂ ಹಡಗಿನಲ್ಲೇ ಸತ್ತ ಕುದುರೆಗೂ ದುಡ್ಡು ಕೊಡುತ್ತಿದ್ದ. ವ್ಯಾಪಾರಿ ಬಾಲ ತಂದು ತೋರಿಸಿದರೆ ಸಾಕಿತ್ತು. ದಡ್ಡತನದಂತೆ ಕಾಣುತ್ತೆ. ಆದರೆ ಸಮುದ್ರದ ನಷ್ಟ ವ್ಯಾಪಾರಿಯ ತಲೆಗೆ ಬಿದ್ದರೆ ಮುಂದಿನ ಸಲ ಹಡಗು ಬರಲ್ಲ, ಬಂದರೂ ಬಿಜಾಪುರದ ಕಡೆ ತಿರುಗುತ್ತೆ. ಅವನು ಬಾಲಕ್ಕೆ ಕೊಟ್ಟದ್ದು ಒಂಥರಾ ವಿಮೆಯ ಕಂತು.

ಕೃಷ್ಣದೇವರಾಯನ ಪಾಲಿಗೆ ಬಂದ ಕಾಲ ಇನ್ನೂ ಬಿಗಿ. ಅವನು ಪಟ್ಟಕ್ಕೆ ಬಂದ ಮರುವರ್ಷವೇ, 1510ರಲ್ಲಿ, ಅಲ್ಬುಕರ್ಕ್ ಗೋವಾ ಹಿಡಿದ. ಕುದುರೆ ಇಳಿಯುವ ಬಂದರು ಪೋರ್ಚುಗೀಸರ ಕೈಗೆ ಹೋಯಿತು. ಎಲ್ಲ ಕುದುರೆ ತನಗೇ ಸಿಗಬೇಕು ಎಂದು ಕೃಷ್ಣದೇವರಾಯ ದೊಡ್ಡ ಮೊತ್ತ ಕೊಡಲು ಮುಂದಾದ. ಬಿಜಾಪುರದ ಆದಿಲ್ ಶಾ ಕೂಡ ಅದನ್ನೇ ಕೇಳಿದ. ಅಲ್ಬುಕರ್ಕ್ ಇಬ್ಬರಿಗೂ ಆಸೆ ತೋರಿಸಿದ: ವಿಜಯನಗರಕ್ಕೆ ವರ್ಷಕ್ಕೆ 30,000 ಕ್ರುಜಾಡೊ ಕೊಟ್ಟರೆ ಕುದುರೆ ನಿಮಗೆ ಅಂದ, ಬಿಜಾಪುರಕ್ಕೆ ಗೋವಾದ ಎದುರಿನ ನೆಲ ಬಿಟ್ಟುಕೊಟ್ಟರೆ ನಿಮಗೆ ಅಂದ. ಯಾವುದೂ ಇತ್ಯರ್ಥವಾಗುವ ಮುನ್ನ 1515ರಲ್ಲಿ ಸತ್ತ. ಒಬ್ಬನೇ ಡೀಲರ್, ಇಬ್ಬರು ಗಿರಾಕಿಗಳು. ಇಂಥ ಕಡೆ ಬೆಲೆ ಯಾವತ್ತೂ ಇಳಿಯಲ್ಲ.

ಈ ನಡುವೆ ಅವನು ಪೂರ್ವಕ್ಕೆ ತಿರುಗಿದ. ಉದಯಗಿರಿ, ಕೊಂಡವೀಡು ಗಜಪತಿಯಿಂದ ಕೈಬದಲಾದವು. ಸೈನ್ಯ ಸಿಂಹಾಚಲದವರೆಗೆ ಹೋಯಿತು. ಉದಯಗಿರಿಯಿಂದ ತಂದ ಬಾಲಕೃಷ್ಣನಿಗೆ 1515ರಲ್ಲಿ ಹಂಪಿಯಲ್ಲಿ ಗುಡಿ ಎದ್ದಿತು. ಈ ದಂಡಯಾತ್ರೆಯ ಬಗ್ಗೆ ಬೇಕಾದಷ್ಟು ಪುಸ್ತಕಗಳಿವೆ, ಇಲ್ಲಿ ಬೆಳೆಸಲ್ಲ.

ಆ ಹೊತ್ತಿಗೆ ಅವನು ಹೇಗಿದ್ದ ಅನ್ನೋದನ್ನು ಸುಮಾರು 1520ರಲ್ಲಿ ಕಣ್ಣಾರೆ ಕಂಡ ಡೊಮಿಂಗೊ ಪಯಸ್ ಹೇಳುತ್ತಾನೆ. ಮಧ್ಯಮ ಎತ್ತರ, ಬೆಳ್ಳನೆ ಬಣ್ಣ, ಮುಖದಲ್ಲಿ ಸಿಡುಬಿನ ಕಲೆ, ಸಪೂರ ಅನ್ನುವುದಕ್ಕಿಂತ ತುಸು ದಪ್ಪ. ಸಿನಿಮಾದ ರಾಜನಿಗೆ ಹೋಲಲ್ಲ. ಬೆಳಕು ಹರಿಯುವ ಮುಂಚೆ ಎದ್ದು ಎಳ್ಳೆಣ್ಣೆ ಕುಡಿದು, ಮೈಗೂ ಅದೇ ಎಣ್ಣೆ ಬಳಿದುಕೊಂಡು, ಭಾರ ಎತ್ತಿ, ಕತ್ತಿ ವರಸೆ ಮಾಡಿ, ಎಣ್ಣೆಯೆಲ್ಲ ಬೆವರಾಗಿ ಹರಿದ ಮೇಲೆ ಜಟ್ಟಿಯೊಬ್ಬನ ಜೊತೆ ಕುಸ್ತಿ ಆಡುತ್ತಿದ್ದ. ಆಮೇಲೆ ಕುದುರೆ ಏರಿ ಬೆಳಗಾಗುವ ತನಕ ಬಯಲಲ್ಲಿ ಓಡಿಸುತ್ತಿದ್ದ. ಲೆಕ್ಕದ ಪುಸ್ತಕದಲ್ಲಷ್ಟೇ ಕುದುರೆ ಕಂಡವನಲ್ಲ, ಅದರ ಬೆನ್ನು ಬಲ್ಲವನು. ಕೊಳ್ಳುವವನು ತಾನೇ ಓಡಿಸಬಲ್ಲನಾದರೆ ಮಾರುವವನ ಆಟ ನಡೆಯೋದು ಕಷ್ಟ.

ಮಹಾನವಮಿಯಲ್ಲಿ ಸಾಲುಸಾಲು ಕುದುರೆಗಳು ಮುಂದೆ ಬರುವಾಗ ಒಂದರ ಮೇಲೆ ಅರಸನ ಎರಡು ಛತ್ರಿಗಳಿರುತ್ತಿದ್ದವಂತೆ. ಅರಸರು ಪಟ್ಟವೇರುವಾಗ ಪ್ರಮಾಣ ಮಾಡುವ ಕುದುರೆ ಅದು. ಸತ್ತರೆ ಆ ಜಾಗಕ್ಕೆ ಇನ್ನೊಂದು. ಪಯಸ್ ಇದನ್ನು ಹೇಳಿ ಮುಂದೆ ಹೋಗುತ್ತಾನೆ, ನಾನು ಅಲ್ಲೇ ನಿಲ್ಲುತ್ತೇನೆ. ಕುದುರೆ ಉಳಿಯಲ್ಲ ಅಂತ ಆ ಅರಮನೆಗೆ ಗೊತ್ತಿತ್ತು. ಉಳಿಯಬೇಕಾದದ್ದು ಕುದುರೆಯ ಜಾಗ, ಅದನ್ನು ತುಂಬುವ ಏರ್ಪಾಟು. ಹಜಾರರಾಮ ಗುಡಿಯ ಹೊರಗೋಡೆಯಲ್ಲಿ ಕುದುರೆ ಹಿಡಿದು ನಡೆಯುವ, ಹೊರನಾಡಿನವರಂತೆ ಕಾಣುವ ಆಳುಗಳನ್ನು ನೋಡಿದಾಗಲೂ ನನಗೆ ಇದೇ ಅನಿಸುತ್ತೆ.

ಈ ಏರ್ಪಾಟಿಗೆ ಒಮ್ಮೆ ಕನ್ನ ಬಿತ್ತು. ಗೋವಾದಲ್ಲಿ ಕುದುರೆ ಕೊಳ್ಳಲು ಕೃಷ್ಣದೇವರಾಯ ಸೈಯದ್ ಮರಕ್ಕಾರ್ ಎಂಬ ವ್ಯಾಪಾರಿಯ ಕೈಲಿ 40,000 ಪರ್ದಾವೊ ಕೊಟ್ಟು ಕಳಿಸಿದ. ಅವನು ದುಡ್ಡಿನ ಸಮೇತ ಆದಿಲ್ ಶಾನ ಕಡೆ ಓಡಿಹೋದ. ವಾಪಸ್ ಕಳಿಸಿ ಎಂಬ ಮಾತಿಗೆ ಬಿಜಾಪುರ ಬಗ್ಗಲಿಲ್ಲ. ನ್ಯೂನಿಜ್ ಪ್ರಕಾರ ಇದೇ ರಾಯಚೂರು ಯುದ್ಧಕ್ಕೆ ಕಾರಣ. ಪೂರ್ತಿ ನಂಬಬೇಕಿಲ್ಲ; ಕೃಷ್ಣಾ-ತುಂಗಭದ್ರೆಯ ನಡುವಿನ ದೋಆಬಿಗಾಗಿ ಜಗಳ ತಲೆಮಾರುಗಳಿಂದ ಇತ್ತು. ಆದರೆ ಲೆಕ್ಕ ಹಾಕೋಣ. ಸಾವಿರಕ್ಕೆ ಮೂರರ ದರದಲ್ಲಿ 40,000ಕ್ಕೆ ಬರುವುದು 120 ಕುದುರೆ. 1520ರ ಮೇ 19ರಂದು ಇಸ್ಮಾಯಿಲ್ ಆದಿಲ್ ಶಾನನ್ನು ಸೋಲಿಸಿದ ಮೇಲೆ ಕೈಗೆ ಸಿಕ್ಕ ಹೊರ್ಮುಜ್ ಕುದುರೆಗಳು, ಅದೇ ನ್ಯೂನಿಜ್ ಹೇಳುವಂತೆ, 4,000. ಕ್ರಿಸ್ತೊವಾವೊ ದ ಫಿಗೆರೆದೊ ಎಂಬ ಪೋರ್ಚುಗೀಸನ ಬಂದೂಕುದಾರರು ಕೋಟೆಯ ಮೇಲಿನ ಕಾವಲುಗಾರರನ್ನು ಗುರಿಯಿಟ್ಟು ಹೊಡೆದರು, ರಾಯಚೂರು ಬಿತ್ತು. ಆ ಫಿಗೆರೆದೊ ಕೂಡ ಬಂದದ್ದು ಕುದುರೆ ಮಾರಲು.

ಗೆದ್ದದ್ದಕ್ಕೆ ಹೊಗಳುವವರು ಹೊಗಳಲಿ. ನನಗೆ ಅದಕ್ಕಿಂತ ದೊಡ್ಡ ಚಾಣಾಕ್ಷತನ ಕಾಣೋದು ಖರೀದಿಯ ವ್ಯವಸ್ಥೆಯಲ್ಲಿ. ತೆಲುಗಿನಲ್ಲಿ ಬರೆದ ತನ್ನ ಆಮುಕ್ತಮಾಲ್ಯದಲ್ಲಿ ಅವನೇ ಇದರ ಅರ್ಧ ಭಾಗ ಹೇಳಿದ್ದಾನೆ: ಬಂದರು ಸರಿಯಾಗಿಡಬೇಕು; ಆನೆ, ಕುದುರೆ ತರುವ ದೂರದ ವ್ಯಾಪಾರಿಗಳಿಗೆ ಊರು, ಮನೆ, ದರ್ಶನ, ಉಡುಗೊರೆ, ಒಳ್ಳೆಯ ಲಾಭ ಕೊಟ್ಟು ಹಚ್ಚಿಕೊಳ್ಳಬೇಕು, ಹಗೆಗಳ ಕಡೆ ಹೋಗದಂತೆ. ಇನ್ನರ್ಧ ಕಾವ್ಯದಲ್ಲಿಲ್ಲ. ಅದು ನ್ಯೂನಿಜನ ಲೆಕ್ಕದಲ್ಲಿದೆ. ಬರೆದದ್ದು ತಮ್ಮ ಅಚ್ಯುತರಾಯನ ಕಾಲದಲ್ಲಿ; ಆದರೆ ಇಂಥ ಪದ್ಧತಿ ಐದಾರು ವರ್ಷದಲ್ಲಿ ಹುಟ್ಟಿಕೊಳ್ಳೋದಲ್ಲ, ಅಣ್ಣನ ಕಾಲದ್ದೇ ಮುಂದುವರಿದಿತ್ತು ಅಂತ ನನ್ನ ಎಣಿಕೆ.

ವರ್ಷಕ್ಕೆ ಹೊರ್ಮುಜ್‌ನವೂ ನಾಡತಳಿಯವೂ ಸೇರಿ 13,000 ಕುದುರೆ ಖರೀದಿ. ಉತ್ತಮವಾದವು ಅರಸನ ಲಾಯಕ್ಕೆ. ನಾಡತಳಿಯ ಕುದುರೆ ಅರಮನೆಗೆ ಸಾವಿರ ಪರ್ದಾವೊಗೆ ಹನ್ನೆರಡು, ಹದಿನೈದು ಸಿಗುತ್ತಿತ್ತು. ಅದನ್ನೇ ನಾಯಕರಿಗೆ ಸಾವಿರಕ್ಕೆ ಐದರಂತೆ ಮಾರಾಟ. ಎಪ್ಪತ್ತು ಎಂಬತ್ತಕ್ಕೆ ಕೊಂಡದ್ದು ಇನ್ನೂರಕ್ಕೆ. ಬೇಡ ಅನ್ನೋ ಹಾಗಿಲ್ಲ. ನಾಯಕನಿಗೆ ಅಮರ ಭೂಮಿ ಕೊಟ್ಟದ್ದೇ ಸೈನ್ಯ ಇಡಲಿ ಅಂತ. ಸೆಪ್ಟೆಂಬರ್ ಒಳಗೆ ದುಡ್ಡು ಕಟ್ಟಬೇಕು. ಆ ದುಡ್ಡಿನಲ್ಲೇ ಪೋರ್ಚುಗೀಸರ ಅರಬ್ ಕುದುರೆಗೆ ಪಾವತಿ. ಬೊಕ್ಕಸದಿಂದ ಒಂದು ಕಾಸೂ ಹೊರಗೆ ಹೋಗುತ್ತಿರಲಿಲ್ಲ. ಅರಮನೆಯ ಸವಾರರಿಗೆ ಕೊಟ್ಟ ಕುದುರೆಯ ಮೈಮೇಲೆ ಅರಸನ ಮುದ್ರೆ. ಸತ್ತರೆ ಮುದ್ರೆಯಿರುವ ಚರ್ಮದ ತುಂಡು ತಂದು ಲಾಯದ ಮುಖ್ಯಸ್ಥನಿಗೆ ಒಪ್ಪಿಸಿದರೆ ಮಾತ್ರ ಬದಲಿ ಕುದುರೆ. ಬಾಲ ನೋಡಿ ದುಡ್ಡು ಕೊಟ್ಟ ಅರಮನೆ ಚರ್ಮ ನೋಡಿ ಕುದುರೆ ಕೊಡುವ ಹಂತಕ್ಕೆ ಬಂದಿತ್ತು. 1,600 ಲಾಯದಾಳುಗಳು, ಕುದುರೆ ಪಳಗಿಸುವವರು 300 ಮಂದಿ.

ಬೆಲೆ ಉಳಿಯದ ವಸ್ತು ಕೊಳ್ಳಲೇಬೇಕಾದಾಗ ನಷ್ಟವನ್ನು ಇನ್ನೊಬ್ಬರ ಹೆಸರಿಗೆ ಬರೆಯೋದು. ಇದು ಜಾಣತನ, ನಿಜ. ಆದರೆ ಆ ಇನ್ನೊಬ್ಬ ಯಾರು? ನಾಯಕ ತನ್ನ ಕಿಸೆಯಿಂದ ಕೊಡುತ್ತಿರಲಿಲ್ಲ. ಉಳುವವರು ಹತ್ತರಲ್ಲಿ ಒಂಬತ್ತು ಪಾಲನ್ನು ಒಡೆಯರಿಗೆ ಕೊಡುತ್ತಾರೆ ಎಂದು ನ್ಯೂನಿಜ್ ಬರೆಯುತ್ತಾನೆ. ಉತ್ಪ್ರೇಕ್ಷೆ ಇರಬಹುದು, ಅರ್ಧ ಮಾಡಿದರೂ ಕಡಿಮೆಯೇನಲ್ಲ. ಹೊರ್ಮುಜ್ ಕುದುರೆಯ ಸವಕಳಿ ಕೊನೆಗೆ ಕಂಪ್ಲಿ ಕಡೆಯ ಭತ್ತದ ಗದ್ದೆಯವನ ತಲೆಗೆ ಬೀಳುತ್ತಿತ್ತು. ಅವನು ಆ ಕುದುರೆಯನ್ನು ನೋಡಿದ್ದರೆ ದಂಡು ಹಾದುಹೋಗುವಾಗ ನೋಡಿರಬೇಕು ಅಷ್ಟೆ. ಕೃಷ್ಣದೇವರಾಯನ ಐದುನೂರನೇ ವರ್ಷದ ಸಂಭ್ರಮಗಳಲ್ಲಿ ಈ ಸಾಲು ಯಾರೂ ಓದಲಿಲ್ಲ.

ಹಾಗಂತ ಅವನ ಖರ್ಚೆಲ್ಲ ಒಂದೇ ಬಗೆಯದಲ್ಲ. ನಾಗಲಾಪುರ ಎಂದು ಕಟ್ಟಿಸಿದ ಊರೇ ಇವತ್ತಿನ ಹೊಸಪೇಟೆ. ತಾಯಿಯ ಹೆಸರು ಅಂತ ನಮ್ಮ ಕಡೆಯ ಮಾತು, ಮಡದಿಯ ಮೇಲಿನ ಪ್ರೀತಿಗೆ ಅಂತ ಪಯಸ್. ಅದರ ಪಕ್ಕ, ಸಂಡೂರು ಗುಡ್ಡಗಳ ಬಾಯಲ್ಲಿ, ಎರಡು ಬೆಟ್ಟದ ನಡುವೆ ಕೆರೆ ಕಟ್ಟಿಸಿದ. ಏರಿ ಎರಡು ಮೂರು ಸಲ ಒಡೆಯಿತು. ಬಲಿ ಬೇಕೆಂದರು, 60 ಮನುಷ್ಯರ, ಜೊತೆಗೆ ಕುದುರೆ, ಎಮ್ಮೆಗಳ ತಲೆ ತೆಗೆಸಿದ ಎಂದು ಪಯಸ್ ಬರೆದಿದ್ದಾನೆ. ಅದನ್ನು ಓದಿ ಈ ಅರಸನನ್ನು ಮೊದಲಿನಂತೆ ಮೆಚ್ಚೋದು ಕಷ್ಟ. ಕೊನೆಗೆ ಗೋವಾದಿಂದ ಬಂದ ಜೊವಾವೊ ದೆ ಲಾ ಪೊಂತೆ ಎಂಬ ಕಲ್ಲುಗೆಲಸದವನ ನೆರವೂ ಸಿಕ್ಕಿತು, ಕೆರೆ ನಿಂತಿತು. ನೀರು ಪಡೆದ ನೆಲಕ್ಕೆ ಒಂಬತ್ತು ವರ್ಷ ಕಂದಾಯ ಇಲ್ಲ ಎಂದ. ಆಮೇಲೆ ಅದರಿಂದ ಬಂದ ಆದಾಯ 20,000 ಪರ್ದಾವೊ. ಮೂರಕ್ಕೆ ಸಾವಿರದ ದರದಲ್ಲಿ 60 ಕುದುರೆ, ಕೆರೆ ಸಾಯದೆಯೇ. 1521ರ ಹೊತ್ತಿಗೆ ಕಟ್ಟಿಸಿದ್ದೆನ್ನುವ ಬಸವಣ್ಣ ಕಾಲುವೆಯಲ್ಲಿ ಈಗಲೂ ನೀರು ಹರಿದು ಬಾಳೆ, ಕಬ್ಬು ಬೆಳೆಯುತ್ತೆ. ಈ ಲೆಕ್ಕ ಗೊತ್ತಿದ್ದವನು ಕುದುರೆ ಯಾಕೆ ಬಿಡಲಿಲ್ಲ ಅಂದರೆ, ಬಿಟ್ಟಿದ್ದರೆ ಅವನ್ನು ಆದಿಲ್ ಶಾ ಕೊಳ್ಳುತ್ತಿದ್ದ, ಕೆರೆಯೂ ಉಳಿಯುತ್ತಿರಲಿಲ್ಲ.

ಕೊನೆಯ ವರ್ಷಗಳು ಕತ್ತಲು. ಎಳೆಯ ಮಗ ತಿರುಮಲನಿಗೆ ಪಟ್ಟ ಕಟ್ಟಿದ, ಅವನು ತೀರಿಕೊಂಡ. ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯ ಅನಂತಶಯನಗುಡಿಯಲ್ಲಿ ಆ ಮಗನ ಹೆಸರಿನ ಪುರ ಹೇಳುವ 1524ರ ಶಾಸನವಿದೆ. ವಿಷ ಹಾಕಿಸಿದರೆಂಬ ಅನುಮಾನ ತಿಮ್ಮರಸುವಿನ ಮನೆಯ ಕಡೆ ತಿರುಗಿತು. ಲಾಯದಲ್ಲಿ ತನ್ನ ಕಣ್ಣು ಉಳಿಸಿದವನೆಂಬ ಮಂತ್ರಿಯ ಕಣ್ಣನ್ನೇ ಅರಸ ಕೀಳಿಸಿದ ಎಂದು ನ್ಯೂನಿಜ್ ಹೇಳುತ್ತಾನೆ.

ಬೆಳಗಾವಿಯ ಮೇಲೆ ಹೋಗಲು ಸಿದ್ಧತೆ ನಡೆಸಿದ್ದಾಗ ಕಾಯಿಲೆ ಬಿದ್ದು 1529ರಲ್ಲಿ ಕೃಷ್ಣದೇವರಾಯ ತೀರಿಕೊಂಡ. ಅಚ್ಯುತರಾಯ ಪಟ್ಟಕ್ಕೆ ಬಂದ. ಗೋವಾದಿಂದ ಕುದುರೆ ಬರುತ್ತಲೇ ಇದ್ದವು, ಪ್ರತಿ ಸೆಪ್ಟೆಂಬರಿನಲ್ಲಿ ನಾಯಕರು ದುಡ್ಡು ಕಟ್ಟುತ್ತಲೇ ಇದ್ದರು.