ಮೂವತ್ತು ವಾಟ್‌ನ ಆಕಾಶವಾಣಿ: ಡಾ. ಎಂ.ವಿ. ಗೋಪಾಲಸ್ವಾಮಿ

ಭಾರತದ ಬಾನುಲಿಗೆ ಆಕಾಶವಾಣಿ ಎಂಬ ಹೆಸರು ಮೈಸೂರಿನ ಒಂದು ಮನೆಯಿಂದ ಬಂದಿತೆಂಬುದನ್ನು ಕನ್ನಡಿಗರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. 1935ರ ಸೆಪ್ಟೆಂಬರ್ 10ರಂದು ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ನಿವಾಸ ‘ವಿಠಲ ವಿಹಾರ’ದಲ್ಲಿ ಈ ನಿಲಯವನ್ನು ಆರಂಭಿಸಿದರು. ಆ ಪ್ರೇಷಕ ಯಂತ್ರದ ಶಕ್ತಿ ಎಷ್ಟಿತ್ತೆಂಬುದರ ಕಡೆಗೆ ಮಾತ್ರ ನಮ್ಮ ಗಮನ ಹರಿದದ್ದು ಕಡಿಮೆ. ಅದು ಕೇವಲ 30 ವಾಟ್. ಹಳೆಯ ಕಾಲದ ಮನೆಗಳಲ್ಲಿ ಉರಿಯುತ್ತಿದ್ದ 40 ವಾಟ್‌ ಬಲ್ಬಿಗಿಂತಲೂ ಕಡಿಮೆ!

ಗೋಪಾಲಸ್ವಾಮಿಯವರು ವೃತ್ತಿಯಿಂದ ಎಂಜಿನಿಯರ್ ಅಲ್ಲ. ಲಂಡನ್ನಿನಲ್ಲಿ ಹೆಸರಾಂತ ಮನಃಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಸಂಶೋಧನೆ ನಡೆಸಿದವರು. ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬವನ್ನಷ್ಟೇ ನೋಡುತ್ತ ಚಿತ್ರ ಬರೆಯುವವನ ಕೈ ಹೇಗೆ ಕ್ರಮೇಣ ಪಳಗುತ್ತದೆಂಬುದು ಅವರ ಅಧ್ಯಯನದ ವಸ್ತುವಾಗಿತ್ತು. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗ ತಲೆಯೆತ್ತಿದ್ದು ಅವರಿಂದಲೇ. ದೇಶದಲ್ಲಿ ಆ ವೇಳೆಗೆ ಇಂತಹ ವಿಭಾಗವಿದ್ದುದು ಕಲ್ಕತ್ತೆಯಲ್ಲಿ. ಮನಸ್ಸನ್ನು ಪ್ರಯೋಗಶಾಲೆಯಲ್ಲಿ ಅಳೆಯುತ್ತಿದ್ದ ಈ ವಿದ್ವಾಂಸರಿಗೆ ಬಾನುಲಿಯ ಗೀಳು ಹಿಡಿದದ್ದು ವಿಚಿತ್ರವೆನಿಸಬಹುದು.

ಕಾಲವೇನೂ ಅನುಕೂಲಕರವಾಗಿರಲಿಲ್ಲ. ಮದ್ರಾಸಿನಲ್ಲಿ 1924ರಲ್ಲಿ 40 ವಾಟ್‌ ಪ್ರೇಷಕದಿಂದ ಪ್ರಸಾರ ತೊಡಗಿದ ರೇಡಿಯೋ ಕ್ಲಬ್ ಹಣವಿಲ್ಲದೆ 1927ರಲ್ಲಿ ನಿಂತಿತ್ತು. ಮುಂಬಯಿ, ಕಲ್ಕತ್ತೆಗಳಲ್ಲಿ ನಿಲಯ ನಡೆಸುತ್ತಿದ್ದ ಖಾಸಗಿ ಕಂಪನಿಯೂ 1930ರಲ್ಲಿ ಮುಚ್ಚಿ, ಅದರ ಭಾರ ಸರ್ಕಾರದ ಹೆಗಲೇರಿತ್ತು. ದೊಡ್ಡ ಬಂಡವಾಳದವರೇ ಸೋತ ಕಾರ್ಯಕ್ಕೆ ಒಬ್ಬ ಅಧ್ಯಾಪಕರು ಸ್ವಂತ ಖರ್ಚಿನಲ್ಲಿ ಕೈ ಹಾಕಿದರು.

ಕೇಳುವವರ ಕಿವಿಗೆ ಈ ಧ್ವನಿ ತಲುಪುವುದೇ ಎಂಬುದು ಮುಖ್ಯ ಪ್ರಶ್ನೆಯಾಗಿತ್ತು. ಆಗಿನ ಮೈಸೂರು ಸಂಸ್ಥಾನ ಉತ್ತರದಲ್ಲಿ ಚಿತ್ರದುರ್ಗ ಜಿಲ್ಲೆಯವರೆಗೂ ಹಬ್ಬಿತ್ತು. ಮಾರಮ್ಮನ ಜಾತ್ರೆಗೆ ಹೆಸರಾದ ನಮ್ಮ ಚಳ್ಳಕೆರೆ ಸೀಮೆಯ ಗೌರಸಮುದ್ರವೂ ಅದೇ ಸಂಸ್ಥಾನದ್ದು. ಮೈಸೂರಿನಿಂದ ನೇರ ಗೆರೆ ಎಳೆದರೂ ಇನ್ನೂರು ಕಿಲೋಮೀಟರಿಗೆ ಮೀರಿದ ದೂರ. ಮೂವತ್ತು ವಾಟ್‌ನ ಅಲೆ ಅಷ್ಟು ದೂರ ಸಾಗುವ ವೇಳೆಗೆ ಕ್ಷೀಣಿಸಿ ಕ್ಷೀಣಿಸಿ ಆಕಾಶದ ಗದ್ದಲದಲ್ಲಿ ಕರಗಿಹೋಗುವಂತಹುದು. ಹಗಲಿನಲ್ಲಂತೂ ಅದನ್ನು ಹಿಡಿಯುವ ಆಸೆಯನ್ನೇ ಇಟ್ಟುಕೊಳ್ಳುವಂತಿರಲಿಲ್ಲ.

ಈ ಗದ್ದಲದ ಸ್ವರೂಪವನ್ನು ತುಸು ವಿವರಿಸಬೇಕು. ಪ್ರತಿಯೊಂದು ಮಿಂಚೂ ಸ್ವತಃ ಒಂದು ಪ್ರೇಷಕ ಯಂತ್ರ. ನೂರಾರು ಮೈಲಿ ದೂರದ ಗುಡುಗು ಮಳೆಯ ಮಿಂಚು ಕೂಡ ರೇಡಿಯೋದಲ್ಲಿ ಚರಚರ ಸದ್ದಾಗಿ ಕೇಳಿಸುತ್ತದೆ. ರಾತ್ರಿ ಹೊತ್ತು ಮೇಲಣ ವಾಯುಮಂಡಲದ ಅಯಾನು ಪದರದಲ್ಲಿ ಪ್ರತಿಫಲಿಸಿ ಅದು ಮತ್ತೂ ದೂರದಿಂದ ಬರುತ್ತದೆ. ಉಷ್ಣವಲಯದಲ್ಲಿ ಈ ಉಪಟಳ ಇಂಗ್ಲೆಂಡಿನಲ್ಲಿರುವುದಕ್ಕಿಂತ ಬಹಳ ಹೆಚ್ಚು. ಮುಂಗಾರಿಗೆ ಮುಂಚಿನ ಸಂಜೆಗಳಲ್ಲಿ ಸಹಿಸಲಸಾಧ್ಯ. ಪೆಟ್ಟಿಗೆಯ ಧ್ವನಿಯ ಗುಂಡಿಯನ್ನು ತಿರುಗಿಸಿದರೆ ಹಾಡಿನೊಡನೆ ಚರಚರವೂ ಅಷ್ಟೇ ಹೆಚ್ಚುತ್ತದೆ. ಆದುದರಿಂದ ಗ್ರಾಹಕ ಯಂತ್ರದ ಯೋಗ್ಯತೆಯನ್ನು ಅದರ ಅಬ್ಬರದಿಂದ ಅಳೆಯಲಾಗದು. ಬೇಕಾದ ಸಂಕೇತ, ಬೇಡವಾದ ಸದ್ದಿಗಿಂತ ಎಷ್ಟು ಪಟ್ಟು ಮೇಲಿದೆಯೆಂಬುದೇ ಅಳತೆಗೋಲು.

ಅಂದಿನ ಕೇಳುಗರೂ ಇದಕ್ಕಾಗಿ ಶ್ರಮಪಡಬೇಕಿತ್ತು. ಮನೆಯ ಮೇಲೆ ಎತ್ತರದಲ್ಲಿ ಏರಿಯಲ್ ತಂತಿ ಕಟ್ಟುವುದು, ನೆಲದ ತಂತಿಯನ್ನು ತೇವವಿರುವ ಕಡೆ ಹೂಳುವುದು ಎಲ್ಲವೂ ಕೇಳುಗನ ಪಾಲಿನ ಕೆಲಸ. ಸುತ್ತಿದ ಚೌಕಟ್ಟಿನ ಏರಿಯಲ್ ಇದ್ದವರು ಅದನ್ನು ತಿರುಗಿಸಿ ಒಂದು ದಿಕ್ಕಿನ ಅಡಚಣೆಯನ್ನು ತಗ್ಗಿಸಬಹುದಿತ್ತು. ಅಗ್ಗದ ವಾಲ್ವ್ ಪೆಟ್ಟಿಗೆಗಳಲ್ಲಿ ಹೊರಬಂದ ಸಂಕೇತದ ಒಂದು ಪಾಲನ್ನು ಮತ್ತೆ ಒಳಕ್ಕೆ ಊಡಿ ಸೂಕ್ಷ್ಮತೆಯನ್ನು ಹೆಚ್ಚಿಸುವ ಉಪಾಯವಿತ್ತು. ಆಸೆಬುರುಕ ಕೇಳುಗ ಗುಂಡಿಯನ್ನು ಒಂದಿಷ್ಟು ಅತಿಯಾಗಿ ತಿರುಗಿಸಿದನೋ, ಅವನ ಪೆಟ್ಟಿಗೆಯೇ ಅಲೆಗಳನ್ನು ಹೊರಸೂಸಿ ನೆರೆಮನೆಯ ರೇಡಿಯೋದಲ್ಲಿ ಸಿಳ್ಳೆ ಹಾಕುತ್ತಿತ್ತು! ಅಕ್ಕಪಕ್ಕದ ನಿಲಯಗಳನ್ನು ಚೆನ್ನಾಗಿ ಬೇರ್ಪಡಿಸುವ ಸೂಪರ್ ಹೆಟರೊಡೈನ್ ಪೆಟ್ಟಿಗೆಗಳು ಬಂದ ಮೇಲೆಯೇ ಈ ಕಾಟ ತಗ್ಗಿದ್ದು.

ಮುಂದೆ ಗೋಪಾಲಸ್ವಾಮಿಯವರು 250 ವಾಟ್‌ನ ಪ್ರೇಷಕವನ್ನು ತರಿಸಿದರು. ಶಕ್ತಿ ಎಂಟು ಪಟ್ಟಿಗೂ ಮಿಕ್ಕಿ ಏರಿತೆಂದು ಹಿಗ್ಗಬಹುದು. ಆದರೆ ಕೇಳುಗನ ಏರಿಯಲ್ಲಿನಲ್ಲಿ ಹುಟ್ಟುವ ವೋಲ್ಟೇಜು ಶಕ್ತಿಯ ವರ್ಗಮೂಲದಂತೆ ಬೆಳೆಯುವುದರಿಂದ ಅಲ್ಲಿ ಸಿಕ್ಕುವ ಲಾಭ ಮೂರು ಪಟ್ಟಿಗೂ ಕಡಿಮೆಯೇ. ಮಿಂಚಿನ ಸದ್ದು ಇದ್ದಷ್ಟೇ ಇರುತ್ತದೆ. ಇಡೀ ಸಂಸ್ಥಾನಕ್ಕೆ ಕೇಳಿಸುವ ಬಲ ಒಬ್ಬ ವ್ಯಕ್ತಿಯ ಕೈಗೆ ನಿಲುಕುವಂತಹುದಾಗಿರಲಿಲ್ಲ.

ಇದೇ ಸಮಸ್ಯೆ ದಿಲ್ಲಿಯನ್ನೂ ಕಾಡಿತ್ತು. 1936ರಲ್ಲಿ ಬಿಬಿಸಿಯ ಎಂಜಿನಿಯರ್ ಎಚ್.ಎಲ್. ಕರ್ಕ್ ದೇಶದಲ್ಲಿ ಸಮೀಕ್ಷೆ ನಡೆಸಿದರು. ಅನಂತರ ಮುಖ್ಯ ಎಂಜಿನಿಯರಾಗಿ ಬಂದ ಸಿ.ಡಬ್ಲ್ಯು. ಗಾಯ್ಡರ್ ಹ್ರಸ್ವ ತರಂಗಗಳತ್ತ ಒಲಿದರು. ತರಂಗ ಹ್ರಸ್ವವಾದಷ್ಟೂ ಮಿಂಚಿನ ಸದ್ದು ಕಡಿಮೆ, ವ್ಯಾಪ್ತಿಯೂ ವಿಶಾಲ. 1937–38ರಲ್ಲಿ ದಿಲ್ಲಿ, ಮುಂಬಯಿ, ಕಲ್ಕತ್ತೆ, ಮದ್ರಾಸುಗಳಲ್ಲಿ ಹ್ರಸ್ವ ತರಂಗ ಪ್ರೇಷಕಗಳು ಎದ್ದು ನಿಂತವು. ಸರ್ಕಾರದ ಬೊಕ್ಕಸವಿದ್ದವರಿಗೆ ಆ ದಾರಿ ತೆರೆದಿತ್ತು.

ಮೈಸೂರಿನಲ್ಲಿ ಕೈಗೂಡಿದ್ದು ಮತ್ತೊಂದು ಬಗೆಯದು. ಕಾಲೇಜಿನ ಸಹೋದ್ಯೋಗಿ, ಹಾಸ್ಯ ಲೇಖಕ ನಾ. ಕಸ್ತೂರಿಯವರು ನಿಲಯಕ್ಕೆ ಹೆಗಲು ಕೊಟ್ಟರು. ಆಕಾಶವಾಣಿ ಎಂಬ ಹೆಸರು ಅವರ ಸೂಚನೆಯೆಂಬ ಮಾತು ಪ್ರಚಲಿತದಲ್ಲಿದೆ. ಕೇಳುವವರು ಎಷ್ಟೇ ಕಡಿಮೆಯಿರಲಿ, ಕೇಳಿದ್ದು ಕನ್ನಡವಾಗಿತ್ತು. ಪುರಸಭೆಯ ನೆರವೂ ಕೆಲಕಾಲ ದೊರೆಯಿತು. ಆರು ವರ್ಷಗಳಿಗೂ ಮೀರಿ ಹೀಗೆ ನಡೆಸಿದ ಮೇಲೆ, 1942ರ ಜನವರಿ 1ರಂದು ಸಂಸ್ಥಾನದ ಸರ್ಕಾರ ನಿಲಯವನ್ನು ವಹಿಸಿಕೊಂಡಿತು. ಅಷ್ಟು ದೀರ್ಘಕಾಲ ಅದನ್ನು ಉಸಿರಾಡಿಸಿದ್ದು ಪ್ರಾಧ್ಯಾಪಕರ ಹಟವೆಂದೇ ಹೇಳಬೇಕು.

1950ರಲ್ಲಿ ನಿಲಯ ಅಖಿಲ ಭಾರತ ಬಾನುಲಿಯಲ್ಲಿ ವಿಲೀನವಾಯಿತು. 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರವಾದಾಗ ಮೈಸೂರು ತನ್ನ ಧ್ವನಿಯನ್ನು ಕಳೆದುಕೊಂಡಿತು. ಅದೇ ದಶಕದಲ್ಲಿ ಅದರ ಹೆಸರನ್ನು ಮಾತ್ರ ಇಡೀ ದೇಶವೇ ತನ್ನದಾಗಿಸಿಕೊಂಡಿತು. 1974ರಲ್ಲಿ ಮೈಸೂರಿಗೆ ಮತ್ತೆ ಆಕಾಶವಾಣಿ ನಿಲಯ ಬಂದಿತು. ವಿಠಲ ವಿಹಾರದಿಂದ ಕೂಗಳತೆಯ ದೂರದಲ್ಲಿ.