ಬಣ್ಣಗಳ ತೋಟಗಾರ ಕ್ಲಾಡ್ ಮೋನೆ

ಇಂಪ್ರೆಷನಿಸ್ಟ್ ಚಿತ್ರಕಾರರಲ್ಲಿ ಅಗ್ರಗಣ್ಯರಾದ ಕ್ಲಾಡ್ ಮೋನೆ 1840ರಲ್ಲಿ ಪ್ಯಾರಿಸ್‌ನಲ್ಲಿ ಜನಿಸಿದರು. 1883ರಲ್ಲಿ ಜಿವರ್ನಿ ಎಂಬ ಹಳ್ಳಿಯಲ್ಲಿ ನೆಲೆಸಿ ಹೂದೋಟ ಬೆಳೆಸಿದರು. ನೈದಿಲೆ ಕೊಳ ಮಾಡಿಸಿ ಅದರ ಮೇಲೊಂದು ಕಮಾನು ಸೇತುವೆ ಕಟ್ಟಿಸಿದರು.

1899ರಲ್ಲಿ ಅವರು ಬಿಡಿಸಿದ ಆ ಸೇತುವೆಯ ಚಿತ್ರಗಳನ್ನು ನೋಡಿದರೆ ಹಸಿರು, ನೀಲಿ ಬಣ್ಣಗಳು ನಮ್ಮ ಮನಸ್ಸನ್ನು ತಂಪಾಗಿಸುತ್ತವೆ. 1912ರಲ್ಲಿ ಅವರ ಕಣ್ಣಿಗೆ ಪೊರೆ ಬಂದಿರುವುದು ತಿಳಿಯಿತು. ಬಣ್ಣಗಳ ವ್ಯತ್ಯಾಸವೇ ಸರಿಯಾಗಿ ಕಾಣದಾಯಿತು. ಆಗ ಬಿಡಿಸಿದ ಅದೇ ಸೇತುವೆ ಕೆಂಪು, ಕಂದು ಬಣ್ಣಗಳಲ್ಲಿ ಹೊತ್ತಿ ಉರಿಯುವಂತಿದೆ; ನೋಡುವ ನಮಗೂ ಕಳವಳವಾಗುತ್ತದೆ.

ಹೆದರಿ ಮುಂದೂಡುತ್ತಿದ್ದ ಶಸ್ತ್ರಚಿಕಿತ್ಸೆಗೆ 1923ರಲ್ಲಿ ಒಪ್ಪಿ, ಮತ್ತೆ ಕುಂಚ ಹಿಡಿದರು. 1926ರಲ್ಲಿ ನಿಧನರಾದರು. ಮರುವರ್ಷ ಅವರ ಬೃಹತ್ ನೈದಿಲೆ ಚಿತ್ರಗಳು ಪ್ಯಾರಿಸ್‌ನ ಒರಾಂಜರಿಯಲ್ಲಿ ಜನರ ಮುಂದೆ ಬಂದವು.

ಮಕ್ಕಳೇ, ಚಿತ್ರ ನೋಡುವಾಗ ಬಣ್ಣದ ಹಿಂದಿರುವ ಮನಸ್ಸನ್ನೂ ನೋಡೋಣ.