ಇಂದಿನ ಧಮ್ಮ ಚಿಂತನೆ: ಮೇಲೇರಿ ಕೆಳಗಿಳಿದ ಮೇರಿ ಜಾಕ್ಸನ್



ನಾನು 26 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು. ಲೆಕ್ಕ ಕಲಿತು ತಲೆ ಎತ್ತಿ ನಿಂತವರ ಕಥೆ ಎಂದರೆ ನನಗೆ ಬಹಳ ಪ್ರೀತಿ. ಇವತ್ತು ಅಂಥ ಒಬ್ಬ ತಾಯಿಯ ಬದುಕನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೇರಿ ಜಾಕ್ಸನ್ ಹುಟ್ಟಿದ್ದು 1921ರ ಏಪ್ರಿಲ್ 9ರಂದು, ಅಮೆರಿಕದ ವರ್ಜೀನಿಯಾ ರಾಜ್ಯದ ಹ್ಯಾಂಪ್ಟನ್ ಊರಿನಲ್ಲಿ. ಗುಲಾಮಗಿರಿ ಕಾನೂನಿನಿಂದ ಹೋಗಿ 50 ವರ್ಷ ದಾಟಿತ್ತು. ಆದರೂ ಕಪ್ಪು ಜನರಿಗೆ ಬೇರೆ ಶಾಲೆ, ಬೇರೆ ಶೌಚಾಲಯ, ಬಸ್ಸಿನಲ್ಲಿ ಹಿಂದಿನ ಸೀಟು. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಊರಿನಲ್ಲಿ ಕಪ್ಪು ಜನರಿಗಾಗಿ ಇದ್ದ ಹ್ಯಾಂಪ್ಟನ್ ಇನ್‌ಸ್ಟಿಟ್ಯೂಟ್ ಕಾಲೇಜಿನಲ್ಲಿ ಓದಿ, 1942ರಲ್ಲಿ ಗಣಿತ ಮತ್ತು ಭೌತವಿಜ್ಞಾನ ಎರಡರಲ್ಲೂ ಪದವಿ ಪಡೆದರು. ಓದಿಗೆ ತಕ್ಕ ಕೆಲಸ ಮಾತ್ರ ಸಿಗಲಿಲ್ಲ. ಒಂದು ವರ್ಷ ಶಿಕ್ಷಕಿ, ಆಮೇಲೆ ರಿಸೆಪ್ಷನಿಸ್ಟ್, ಲೆಕ್ಕಪತ್ರ ಬರೆಯುವವರು, ಸೈನ್ಯದ ಕಚೇರಿಯಲ್ಲಿ ಸೆಕ್ರೆಟರಿ.

1951ರಲ್ಲಿ ಊರಿನ ಪಕ್ಕದ ಲ್ಯಾಂಗ್ಲಿ ಪ್ರಯೋಗಾಲಯ ಸೇರಿದರು. ವಿಮಾನಗಳ ಮೇಲೆ ಸಂಶೋಧನೆ ನಡೆಸುತ್ತಿದ್ದ ಸರ್ಕಾರಿ ಸಂಸ್ಥೆ ಅದು. ಆಗ ಕಂಪ್ಯೂಟರ್ ಎಂದರೆ ಯಂತ್ರವಲ್ಲ, ಕೂತು ಲೆಕ್ಕ ಮಾಡುವ ಹೆಂಗಸರು. ಕಪ್ಪು ಹೆಂಗಸರಿಗೆ ಪಶ್ಚಿಮ ಭಾಗದಲ್ಲಿ ಬೇರೆಯೇ ವಿಭಾಗ. ಅದರ ಮುಖ್ಯಸ್ಥೆ ಡೊರೊತಿ ವಾನ್, ಆ ಸಂಸ್ಥೆಯಲ್ಲಿ ಮೇಲ್ವಿಚಾರಕ ಹುದ್ದೆಗೇರಿದ ಮೊದಲ ಕಪ್ಪು ವ್ಯಕ್ತಿ.

ಒಂದು ದಿನ ಮೇರಿ ಪೂರ್ವ ಭಾಗದ ಕೆಲಸಕ್ಕೆ ಹೋದಾಗ ಶೌಚಾಲಯ ಎಲ್ಲಿ ಎಂದು ಕೇಳಿದರು. ಅಲ್ಲಿದ್ದ ಬಿಳಿಯ ಹೆಂಗಸರು ನಕ್ಕರು. ಇವರ ಶೌಚಾಲಯ ಎಲ್ಲಿದೆ ಎಂದು ನಮಗೇನು ಗೊತ್ತು ಎಂಬ ನಗು ಅದು. ಆ ಅವಮಾನದ ಸಿಟ್ಟನ್ನು ಮೇರಿ ನುಂಗಿಕೊಳ್ಳಲಿಲ್ಲ. ಕಝಿಮಿಯೆರ್ಜ್ ಝಾರ್ನೆಕಿ ಎಂಬ ಎಂಜಿನಿಯರ್ ಎದುರು ಹೇಳಿಕೊಂಡರು. ಅವರು ಕೇಳಿಸಿಕೊಂಡು, ನನ್ನ ಜೊತೆ ಕೆಲಸಕ್ಕೆ ಬನ್ನಿ ಎಂದು ಕರೆದರು. ಅದು 60,000 ಅಶ್ವಶಕ್ತಿಯ ಗಾಳಿ ಸುರಂಗ. ಶಬ್ದಕ್ಕಿಂತ ಸುಮಾರು ಎರಡು ಪಟ್ಟು ವೇಗದ ಗಾಳಿ ಹಾಯಿಸಿ ಮಾದರಿಗಳನ್ನು ಪರೀಕ್ಷಿಸುವ ಜಾಗ.

ಮೇರಿಯ ಕೈಚಳಕ, ಬುದ್ಧಿ ಎರಡನ್ನೂ ಕಂಡ ಝಾರ್ನೆಕಿ ಎಂಜಿನಿಯರ್ ಆಗಲು ಹುರಿದುಂಬಿಸಿದರು. ಅದಕ್ಕೆ ಸಂಜೆ ತರಗತಿ ಓದಬೇಕಿತ್ತು. ತರಗತಿ ನಡೆಯುತ್ತಿದ್ದುದು ಬಿಳಿಯರಿಗೆ ಮಾತ್ರ ಮೀಸಲಾದ ಹ್ಯಾಂಪ್ಟನ್ ಹೈಸ್ಕೂಲಿನಲ್ಲಿ. ಹುಟ್ಟಿ ಬೆಳೆದ ಊರಿನ ಶಾಲೆಗೆ ಕಾಲಿಡಲು ಮೇರಿ ನಗರಾಡಳಿತಕ್ಕೆ ಅರ್ಜಿ ಹಾಕಬೇಕಾಯಿತು. ಹಾಕಿದರು, ಅನುಮತಿ ಪಡೆದರು. ಈ ಹೆಂಗಸರ ಚರಿತ್ರೆ ಬರೆದ ಮಾರ್ಗೊ ಲೀ ಶೆಟರ್ಲಿ ಒಂದು ವಿಷಯ ದಾಖಲಿಸಿದ್ದಾರೆ. ಒಳಗೆ ಹೋಗಿ ನೋಡಿದರೆ ಅದು ಹಳೆಯ, ಮುಗ್ಗಲು ಹಿಡಿದ ಕಟ್ಟಡ. ಇಷ್ಟು ವರ್ಷ ನಮ್ಮ ಮಕ್ಕಳಿಗೆ ಇಲ್ಲ ಎಂದಿದ್ದು ಇದನ್ನೇ ಏನು ಎಂದು ಮೇರಿ ದಂಗಾದರು.

ಇದನ್ನು ಓದಿದಾಗ ನನಗೆ ಮಹಾಡ್ ನೆನಪಾಯಿತು. 1927ರಲ್ಲಿ ಬಾಬಾಸಾಹೇಬರು ಜನರನ್ನು ಚವದಾರ್ ಕೆರೆಗೆ ಕರೆದೊಯ್ದದ್ದು ಆ ನೀರು ಬಲು ರುಚಿ ಎಂದಲ್ಲ. ನಾವೂ ಮನುಷ್ಯರು ಎಂದು ಸ್ಥಾಪಿಸುವುದಕ್ಕೆ. ಮೇರಿ ತುಳಿದ ಆ ಹಳೆಯ ಶಾಲೆಯ ಹೊಸ್ತಿಲೂ ಅಂಥದೇ.

1958ರಲ್ಲಿ ಲ್ಯಾಂಗ್ಲಿ ನಾಸಾ ಸಂಸ್ಥೆಯ ಭಾಗವಾಯಿತು. ಅದೇ ವರ್ಷ ಮೇರಿ ನಾಸಾದ ಮೊದಲ ಕಪ್ಪು ಮಹಿಳಾ ಎಂಜಿನಿಯರ್ ಆದರು. ಅತಿವೇಗದಲ್ಲಿ ಸಾಗುವ ಶಂಕುವಿನಾಕಾರದ ಮೂತಿಯ ಮೇಲೆ ಗಾಳಿ ಹೇಗೆ ಹರಿಯುತ್ತದೆ ಎಂಬುದರ ಬಗ್ಗೆ ಝಾರ್ನೆಕಿ ಜೊತೆ ಅವರ ಮೊದಲ ವರದಿ ಬಂದದ್ದೂ ಆಗಲೇ. ಮುಂದೆ ಸುಮಾರು 20 ವರ್ಷ ಅದೇ ಕೆಲಸ. ಬಿಡುವಿನಲ್ಲಿ ಊರಿನ ಕಪ್ಪು ಮಕ್ಕಳನ್ನು ಸೇರಿಸಿಕೊಂಡು ಪುಟ್ಟ ಗಾಳಿ ಸುರಂಗ ಕಟ್ಟಿಸಿ ವಿಜ್ಞಾನದ ರುಚಿ ಹತ್ತಿಸಿದರು.

ಕಥೆ ಇಲ್ಲಿಗೇ ನಿಂತಿದ್ದರೂ ದೊಡ್ಡದೇ. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು 1979ರಲ್ಲಿ ಅವರು ಮಾಡಿದ ಕೆಲಸ. ಹೆಂಗಸರು ಎಷ್ಟೇ ದುಡಿದರೂ ಒಂದು ಮಟ್ಟದ ಮೇಲೆ ಬಡ್ತಿ ಸಿಗುವುದಿಲ್ಲ ಎಂದು ಅವರು ಕಂಡುಕೊಂಡಿದ್ದರು. ಆಗ ಎಂಜಿನಿಯರ್ ಹುದ್ದೆ ಬಿಟ್ಟು, ತಾವಾಗಿಯೇ ಕೆಳಗಿನ ದರ್ಜೆ ಒಪ್ಪಿಕೊಂಡು, ಮಹಿಳೆಯರ ನೇಮಕಾತಿ ಮತ್ತು ಬಡ್ತಿ ನೋಡಿಕೊಳ್ಳುವ ಕೆಲಸಕ್ಕೆ ಹೋದರು. 1985ರಲ್ಲಿ ನಿವೃತ್ತರಾಗುವವರೆಗೂ ಹಿಂದೆ ಬರುವವರಿಗೆ ದಾರಿ ಬಿಡಿಸುವುದೇ ಅವರ ಕಾಯಕವಾಯಿತು.

ಬಂಧುಗಳೇ, 1956ರಲ್ಲಿ ಆಗ್ರಾದಲ್ಲಿ ಬಾಬಾಸಾಹೇಬರು ಓದಿ ಮುಂದೆ ಬಂದವರು ಸಮಾಜವನ್ನು ಮರೆತರೆಂದು ನೊಂದುಕೊಂಡರು. ನಾನು ಹಾಸ್ಟೆಲಿನ ಅನ್ನ ಉಂಡು ಓದಿದವನು. ನಮ್ಮಲ್ಲಿ ಅನೇಕರು ಹಾಗೆಯೇ. ಸಂಬಳ ಏರಿದ ಹಾಗೆ ಬಡಾವಣೆ ಬದಲಾಗುತ್ತದೆ, ಹಳೆಯ ಕೇರಿಗೆ ಹೋಗುವುದು ಮದುವೆಗೆ, ಮಣ್ಣಿಗೆ ಮಾತ್ರ ಎಂಬಂತಾಗುತ್ತದೆ. ಮೇಲೇರುವುದು ತಪ್ಪಲ್ಲ, ಏರಲೇಬೇಕು. ಏರಿದವನ ಕೈ ಯಾವ ಕಡೆ ಚಾಚಿದೆ ಎಂಬುದೇ ಪ್ರಶ್ನೆ. ತಥಾಗತರು ಮೊದಲ 60 ಮಂದಿ ಅರಹಂತರನ್ನು ತಮ್ಮ ಬಳಿ ಕೂಡಿಸಿಕೊಳ್ಳಲಿಲ್ಲ. ಬಹುಜನರ ಹಿತಕ್ಕಾಗಿ ಬೇರೆ ಬೇರೆ ದಾರಿಯಲ್ಲಿ ನಡೆಯಿರಿ ಎಂದು ಕಳಿಸಿದರು. ಮೇರಿ ಬೌದ್ಧರಲ್ಲ, ಆದರೆ ಅವರು 1979ರಲ್ಲಿ ಹಿಡಿದ ದಾರಿಯಲ್ಲಿ ನನಗೆ ಕರುಣೆ ಕಾಣುತ್ತದೆ.

2005ರ ಫೆಬ್ರವರಿ 11ರಂದು, 83ನೇ ವಯಸ್ಸಿನಲ್ಲಿ ಮೇರಿ ತೀರಿಕೊಂಡರು. ವಾಷಿಂಗ್ಟನ್ನಿನ ನಾಸಾ ಮುಖ್ಯ ಕಚೇರಿಗೆ ಇಂದು ಅವರದೇ ಹೆಸರು.

ಇಂದಿನ ಅಭ್ಯಾಸ: ನಮ್ಮ ಕೇರಿಯ ಒಂದು ಮಗುವಿನ ಹೆಸರು ನೆನೆಯೋಣ. ಆ ಮಗುವಿಗೆ ಯಾವ ಅರ್ಜಿ ಬರೆದುಕೊಡಬೇಕು, ಯಾವ ಪಾಠ ಹೇಳಿಕೊಡಬೇಕು, ಯಾವ ಫೀಸು ಕಟ್ಟಬೇಕು ಎಂದು ಕೇಳಿ ತಿಳಿದು, ಈ ವಾರದೊಳಗೆ ಒಂದನ್ನಾದರೂ ಮಾಡೋಣ.

ನಮೋ ಬುದ್ಧಾಯ. ಜೈಭೀಮ್. 💙